ಹೊಸಬರಿಗೆ ಮಾರ್ಗದರ್ಶಿ: ಮನೆ ಮುಂದಿನ ಚರಂಡಿ, ಯುಜಿಡಿ, ನಮ್ಮ ಕೆರೆಗಳು

ಮೈಸೂರಿಗೆ ಬಂದು ಮನೆ ಹಿಡಿದವರಿಗೆ ಗ್ಯಾಸು, ಹಾಲು, ಶಾಲೆ ಎಲ್ಲ ಒಂದು ತಿಂಗಳಲ್ಲಿ ಹೊಂದಿಕೊಳ್ಳುತ್ತದೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡು ಬಂದವರು ಬಹಳ ಕಡಿಮೆ. ನಮ್ಮ ಬಡಾವಣೆಯ ಸಂಘಕ್ಕೆ ಬರುವ ಅಕ್ಕಪಕ್ಕದ ಜಗಳಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುವುದರಿಂದ ಈ ಭಾಗವನ್ನು ಉದ್ದವಾಗಿಯೇ ಬರೆದಿದ್ದೇವೆ.

ದಾರಿ ಎರಡು

ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರು ನೆಲದಡಿಯ ಒಳಚರಂಡಿಗೆ, ಅಂದರೆ ಯುಜಿಡಿಗೆ ಹೋಗಬೇಕು. ಅದು ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂ ಶುದ್ಧೀಕರಣ ಘಟಕಗಳನ್ನು ಸೇರುತ್ತದೆ. ಮನೆ ಮುಂದಿನ ಮೋರಿ ಮಳೆನೀರಿಗೆ ಮಾತ್ರ. ಅದರ ದಾರಿಯಲ್ಲಿ ಎಲ್ಲೂ ಶುದ್ಧೀಕರಣವಿಲ್ಲ. ಮೋರಿಯಿಂದ ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ), ರಾಜಕಾಲುವೆಯಿಂದ ಕೆರೆ, ಕೆರೆ ಕೋಡಿ ಬಿದ್ದರೆ ಊರಿನ ಉತ್ತರದ ನೀರು ಕಾವೇರಿಗೆ, ದಕ್ಷಿಣದ್ದು ದಳವಾಯಿ ಕೆರೆಯ ಕಡೆಯಿಂದ ಕಬಿನಿಗೆ. ಎರಡೂ ತಿರುಮಕೂಡಲಿನಲ್ಲಿ ಸೇರುತ್ತವೆ. ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ನಮ್ಮ ಹೆಮ್ಮೆ. ಬೆಳಿಗ್ಗೆ ಅದರ ಏರಿಯ ಮೇಲೆ ನಡೆದು ಬಂದು, ಅದೇ ದಿನ ಸೋಪಿನ ನೀರನ್ನು ಮೋರಿಗೆ ಬಿಡಬೇಡಿ.

ಹಿಂದಿನ ಊರಿನಲ್ಲಿ ಬಚ್ಚಲ ನೀರು ಬಾಳೆಗಿಡದ ಬುಡಕ್ಕೋ ತೆಂಗಿನ ಪಾತಿಗೋ ಹೋಗುತ್ತಿತ್ತು, ಮಣ್ಣು ಕುಡಿದುಬಿಡುತ್ತಿತ್ತು. ಇಲ್ಲಿನ ಮೋರಿ ಸಿಮೆಂಟಿನದು, ಏನನ್ನೂ ಕುಡಿಯುವುದಿಲ್ಲ. ಬಿಟ್ಟದ್ದೆಲ್ಲ ಕೆರೆಗೇ ಮುಟ್ಟುತ್ತದೆ.

ಅರಿಶಿನದ ಪರೀಕ್ಷೆ

ಬಾಡಿಗೆ ಮನೆಯಾದರೆ ಅಡ್ವಾನ್ಸ್ ಕೊಡುವ ಮುಂಚೆಯೇ ಮಾಡಿ. ಮಹಡಿ ಮೇಲೆ ಮಹಡಿ ಕಟ್ಟುವಾಗ ಪ್ಲಂಬರ್ ಹತ್ತಿರದಲ್ಲಿ ಕಂಡ ಮಳೆನೀರಿನ ಪೈಪಿಗೇ ಬಚ್ಚಲನ್ನು ಸೇರಿಸಿಬಿಟ್ಟಿರುತ್ತಾನೆ. ವಾಷಿಂಗ್ ಮೆಷಿನ್ನಿನ ಪೈಪಂತೂ ಮುಕ್ಕಾಲು ಪಾಲು ಬಾಲ್ಕನಿಯ ಮಳೆಕಂಡಿಯಲ್ಲೇ ಇಳಿಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ. ಒಬ್ಬರು ಗೇಟಿನ ಬಳಿಯ ಚೇಂಬರಿನ (ಮನೆಯ ಕೊಳಚೆ ಪೈಪುಗಳು ಯುಜಿಡಿಗೆ ಹೋಗುವ ಮುಂಚೆ ಕೂಡುವ ತೊಟ್ಟಿ) ಮುಚ್ಚಳ ತೆಗೆದು ನಿಲ್ಲಲಿ, ಇನ್ನೊಬ್ಬರು ಮೋರಿಯ ಬಳಿ. ಬಕೆಟ್ಟನ್ನು ಬಚ್ಚಲಿಗೆ ಒಮ್ಮೆಲೇ ಸುರಿಯಿರಿ. ಹಳದಿ ಚೇಂಬರಿನಲ್ಲಿ ಕಂಡರೆ ಸರಿಯಿದೆ, ಮೋರಿಯಲ್ಲಿ ಕಂಡರೆ ತಪ್ಪು ಜೋಡಣೆ. ಎರಡರಲ್ಲೂ ಕಾಣದಿದ್ದರೆ ಹಿತ್ತಲಿನಲ್ಲಿ ಇಂಗುಗುಂಡಿಯೋ ಸೆಪ್ಟಿಕ್ ಟ್ಯಾಂಕೋ ಇದೆಯೇ ಎಂದು ಓನರನ್ನು ಕೇಳಿ. ಹತ್ತು ನಿಮಿಷ ಬಿಟ್ಟು ಅಡುಗೆಮನೆಯ ಸಿಂಕ್, ಆಮೇಲೆ ಬಟ್ಟೆ ಒಗೆಯುವ ಕಲ್ಲು, ಕೊನೆಗೆ ಮೆಷಿನ್ ಪೈಪು. ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಿ, ಒಂದು ಸರಿಯಿದ್ದರೆ ಉಳಿದವೂ ಸರಿಯೆಂದು ಬಿಡಬೇಡಿ.

ಸರಿಪಡಿಸುವಾಗ ಪ್ಲಂಬರಿನ ಪಕ್ಕದಲ್ಲೇ ನಿಂತು ಮೂರು ವಿಷಯ ನೋಡಿಕೊಳ್ಳಿ. ಪೈಪು ನಾಲ್ಕು ಇಂಚಿನದಿರಲಿ. ಹತ್ತು ಅಡಿಗೆ ಸುಮಾರು ಮೂರು ಇಂಚು ಇಳಿಜಾರು ಬೇಕು. ಕಡಿಮೆಯಾದರೆ ಗಸಿ ಕೂರುತ್ತದೆ, ತೀರಾ ಹೆಚ್ಚಾದರೆ ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಬಚ್ಚಲು ಮತ್ತು ಸಿಂಕಿನ ಪೈಪು ಚೇಂಬರಿಗೆ ಸೇರುವ ಮುಂಚೆ ಗಲ್ಲಿ ಟ್ರ್ಯಾಪ್ ಇರಲಿ. ಅದರಲ್ಲಿ ಎರಡು ಇಂಚು ನೀರು ಸದಾ ನಿಲ್ಲುವುದರಿಂದಲೇ ವಾಸನೆಯೂ ಜಿರಲೆಯೂ ಮನೆಯೊಳಗೆ ಬರುವುದಿಲ್ಲ. ರಸ್ತೆ ಅಗೆದು ಯುಜಿಡಿಗೆ ಹೊಸ ಸಂಪರ್ಕ ಕೊಡುವುದು ಪಾಲಿಕೆಯ ಅನುಮತಿಯಿಂದ ಮಾತ್ರ. ರಾತ್ರೋರಾತ್ರಿ ಮಾಡಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ.

ಚಾವಣಿಯ ಮಳೆನೀರು

ಇದು ಮೇಲಿನದರ ತಿರುಗುಮುರುಗು ತಪ್ಪು. ಅಂಗಳದಲ್ಲಿ ನೀರು ನಿಲ್ಲುತ್ತದೆಂದು ಮಳೆಯ ಪೈಪನ್ನು ಚೇಂಬರಿಗೆ ಇಳಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಮೂವತ್ತು–ನಲವತ್ತರ ಸೈಟಿನಷ್ಟು ಚಾವಣಿ, ಅಂದರೆ 1,200 ಚದರಡಿ. ಅದರ ಮೇಲೆ 20 ಮಿಲಿಮೀಟರ್ ಮಳೆ ಸುರಿದರೆ ಸುಮಾರು 2,200 ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆ ನಾಲ್ಕು ದಿನ ಬಳಸುವ ನೀರು ಅದು. ಅಷ್ಟೂ ಒಂದೇ ಗಂಟೆಯಲ್ಲಿ ಯುಜಿಡಿಗೆ ನುಗ್ಗಿದರೆ ತಗ್ಗಿನ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತದೆ, ಆ ಹೊಲಸು ಅದೇ ಮೋರಿ ಹಿಡಿದು ಕೆರೆಗೆ ಹೋಗುತ್ತದೆ. ತಗ್ಗಿನ ಮನೆಯವರ ಬಚ್ಚಲಲ್ಲಿ ಉಲ್ಟಾ ಬರುತ್ತದೆ. ಮಳೆನೀರನ್ನು ಸಂಪಿಗೆ ಹಿಡಿಯಿರಿ, ಮಿಕ್ಕಿದ್ದನ್ನು ಮೋರಿಗೆ ಬಿಡಿ.

ಮ್ಯಾನ್‌ಹೋಲ್ ಕಟ್ಟಿಕೊಂಡರೆ

ಯಾರನ್ನೂ ಒಳಗೆ ಇಳಿಸಬೇಡಿ. ಐನೂರು ಕೊಟ್ಟರೆ ಇಳಿಯುತ್ತೇನೆ ಎಂದು ಅವರೇ ಹೇಳಿದರೂ ಇಳಿಸಬೇಡಿ. ಒಳಗಿನ ವಿಷಾನಿಲಕ್ಕೆ ಎರಡು ಉಸಿರು ಸಾಕು, ಎತ್ತಲು ಹೋದವರೂ ಉಳಿಯುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಯುಜಿಡಿ, ಸೆಪ್ಟಿಕ್ ಟ್ಯಾಂಕ್ ಕೈಯಿಂದ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹಣ ಕೊಟ್ಟು ಮಾಡಿಸಿದ ಮನೆಯವರೂ ಹೊಣೆಗಾರರೇ. ಒತ್ತಡದ ನೀರು ಹಾಯಿಸಿ ಕಟ್ಟಿದ್ದನ್ನು ಬಿಡಿಸುವ ಪಾಲಿಕೆಯ ಜೆಟ್ಟಿಂಗ್ ಗಾಡಿ ಕಳಿಸಲು ದೂರು ಕೊಟ್ಟು ಕಾಯಿರಿ. ನೀರು ಇಳಿಯಲಿ ಎಂದು ಚೇಂಬರಿನ ಗೋಡೆ ಒಡೆದು ಮೋರಿಗೆ ದಾರಿ ಮಾಡುವುದನ್ನು ನಮ್ಮ ಬಡಾವಣೆಯಲ್ಲಿ ಯಾರೂ ಕ್ಷಮಿಸುವುದಿಲ್ಲ.

ಯುಜಿಡಿ ಇನ್ನೂ ಬಾರದ ಹೊಸ ಬಡಾವಣೆಗಳಲ್ಲಿ ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ. ಎಲ್ಲಿ ಸುರಿಯುತ್ತೀರಿ ಎಂದು ಸಕ್ಕಿಂಗ್ ಗಾಡಿಯವರನ್ನು ಕೇಳಿ ಹಣ ಕೊಡಿ. ಕತ್ತಲಲ್ಲಿ ಬರುತ್ತೇವೆ ಎಂದರೆ ಉತ್ತರ ಸಿಕ್ಕಂತೆಯೇ.

ಅಡುಗೆಮನೆ

- ಕರಿದ ಎಣ್ಣೆ: ಆರಿಸಿ ಬಾಟಲಿಗೆ ತುಂಬಿ, ಕಸದ ಗಾಡಿಗೆ ಬೇರೆಯಾಗಿ ಕೊಡಿ.
- ಬಾಣಲೆಯ ಜಿಡ್ಡು: ಹಳೆ ಪೇಪರಿನಲ್ಲಿ ಒರೆಸಿದ ಮೇಲೆ ತೊಳೆಯಿರಿ.
- ಸಿಂಕಿಗೆ ಜಾಲರಿ.
- ಗಂಜಿ, ಅಕ್ಕಿ ತೊಳೆದ ನೀರು ಗಿಡಕ್ಕೆ.
- ಪ್ಯಾಡು, ಡೈಪರು ಕಾಗದದಲ್ಲಿ ಸುತ್ತಿ ಬೇರೆ ಕೊಡಿ. ಕಕ್ಕಸಿಗೆ ಖಂಡಿತ ಬೇಡ.

ಮನೆ ಕಟ್ಟುವವರು, ರಿಪೇರಿ ಮಾಡಿಸುವವರು

ಗಾರೆ ಕಲಸಿದ ಬಾಣಲಿ, ಟೈಲ್ಸ್ ಕೊಯ್ದ ಬಿಳಿ ನೀರು, ಬ್ರಷ್ ತೊಳೆದ ಥಿನ್ನರ್ ಮೋರಿಗೆ ಬೀಳಕೂಡದು. ಸಿಮೆಂಟು ಮೋರಿಯ ತಳದಲ್ಲಿ ಕಲ್ಲಾಗಿ ಕೂರುತ್ತದೆ, ಆಮೇಲೆ ಹಾರೆಗೂ ಏಳುವುದಿಲ್ಲ. ಸೈಟಿನ ಮೂಲೆಯಲ್ಲಿ ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೆಗೆದು ತೊಳೆದ ನೀರೆಲ್ಲ ಅಲ್ಲಿಗೆ ಬಿಡಿಸಿ. ಕೂತ ಗಸಿ ಒಣಗಿದ ಮೇಲೆ ಕಟ್ಟಡದ ತ್ಯಾಜ್ಯದ ಜೊತೆ ಸಾಗಿಸಿ. ಎಂ-ಸ್ಯಾಂಡ್, ಜಲ್ಲಿ ರಸ್ತೆಗೆ ಸುರಿದರೆ ಮೊದಲ ಮಳೆಗೇ ಅರ್ಧ ಮೋರಿ ತುಂಬುತ್ತದೆ. ಸುತ್ತ ಎರಡು ವರಸೆ ಇಟ್ಟಿಗೆ ಜೋಡಿಸಿ ಟಾರ್ಪಾಲು ಹೊದಿಸಿ. ಮೇಸ್ತ್ರಿಗೆ ಇದನ್ನೆಲ್ಲ ಮೊದಲ ದಿನವೇ ಹೇಳಿ.

ಗೇಟಿನ ಮುಂದಿನ ಮೋರಿಗೆ ಕಾಂಕ್ರೀಟ್ ಹಾಕಿ ಮುಚ್ಚಬೇಡಿ. ಇಬ್ಬರು ಎತ್ತುವಷ್ಟು ತೂಕದ ಬಿಡಿ ಚಪ್ಪಡಿ ಜೋಡಿಸಿ, ಪೌರಕಾರ್ಮಿಕರು ತೆಗೆದು ಹೂಳೆತ್ತುವಂತಿರಲಿ.

ಗೃಹಪ್ರವೇಶವನ್ನು ರಸ್ತೆ ಬದಿಯ ಶಾಮಿಯಾನದಲ್ಲಿ ಮಾಡುವುದಾದರೆ, ನೂರಕ್ಕಿಂತ ಹೆಚ್ಚು ಜನ ಸೇರುವಾಗ ಮೂರು ಕೆಲಸದ ದಿನ ಮುಂಚೆ ಪಾಲಿಕೆಗೆ ತಿಳಿಸಬೇಕೆಂದು ಘನತ್ಯಾಜ್ಯ ನಿಯಮಗಳು ಹೇಳಿವೆ. ಎಲೆ ತೊಳೆದ ನೀರು, ಮಿಕ್ಕ ಸಾರು ಮೋರಿಗೆ ಚೆಲ್ಲುವ ಅಡುಗೆಯವರನ್ನು ಮನೆಯ ಹಿರಿಯರೊಬ್ಬರು ನಿಂತು ತಡೆಯಲಿ. ಸಾರಿನ ಜಿಡ್ಡು ಎರಡನೇ ದಿನಕ್ಕೇ ನಾರುತ್ತದೆ, ನಾರುವುದು ಪಕ್ಕದ ಮನೆಯವರಿಗೆ.

ಹಬ್ಬ, ಕರ್ಮಾಂತರ

ಬಣ್ಣವಿಲ್ಲದ ಮಣ್ಣಿನ ಗಣಪನನ್ನೇ ತನ್ನಿ. ಪಿಒಪಿ ಮೂರ್ತಿಗೆ ರಾಜ್ಯದಲ್ಲಿ ನಿಷೇಧವಿದೆ. ಹೂವು, ದಾರ, ಛತ್ರಿ ತೆಗೆದು ಮೂರ್ತಿ ಮುಳುಗುವಷ್ಟು ನೀರಿನ ಬಕೆಟ್ಟಿನಲ್ಲಿ ಬಿಟ್ಟರೆ ಹಸಿ ಜೇಡಿ ಬೆಳಗಾಗುವಷ್ಟರಲ್ಲಿ ಕರಗುತ್ತದೆ. ಕದಡಿದ ನೀರು ತುಳಸಿ ಕಟ್ಟೆಗೋ ಗಿಡಕ್ಕೋ.

ಶ್ರೀರಂಗಪಟ್ಟಣದ ಬಳಿ ಕಾವೇರಿ ತೀರದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಹೋಗುವವರು ಅಸ್ಥಿಯನ್ನಷ್ಟೇ ಬಿಡಿ. ಸತ್ತವರ ಬಟ್ಟೆ, ಹಾಸಿಗೆ, ಗಾಜಿನ ಫೋಟೋ, ಅಸ್ಥಿ ತಂದ ಪ್ಲಾಸ್ಟಿಕ್ ಚೀಲ ನದಿಗೆ ಹಾಕಬೇಕೆಂದು ಯಾವ ಶಾಸ್ತ್ರವೂ ಇಲ್ಲ. ಆ ನೀರನ್ನು ಕೆಳಗಿನ ಊರುಗಳವರು ಕುಡಿಯುತ್ತಾರೆ.

ದೂರು ಕೊಡುವ ಕ್ರಮ

ಮೊದಲು ಆಸ್ತಿ ತೆರಿಗೆ ರಸೀದಿ ನೋಡಿ. ಮನೆ ಪಾಲಿಕೆಗೆ ಸೇರಿದೆಯೋ ಹೊರಗಿನ ಸ್ಥಳೀಯ ಸಂಸ್ಥೆಗೆ ಸೇರಿದೆಯೋ ಅದರಲ್ಲೇ ಗೊತ್ತಾಗುತ್ತದೆ. ಪಾಲಿಕೆಯಾದರೆ ನಿಮ್ಮ ವಲಯ ಕಚೇರಿ. ಬೀದಿ, ಅಡ್ಡರಸ್ತೆ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ, ನೀರಿನ ಬಣ್ಣ, ಹರಿಯುವ ಹೊತ್ತು, ಹಗಲಿನಲ್ಲಿ ತೆಗೆದ ಎರಡು ಫೋಟೋ, ಇಷ್ಟು ಬರೆದು ಕೊಡಿ. ‘ಮೋರಿ ವಾಸನೆ’ ಎಂದಷ್ಟೇ ಬರೆದರೆ ಯಾರೂ ಬರುವುದಿಲ್ಲ. ಕಾರ್ಖಾನೆ, ವರ್ಕ್‌ಶಾಪ್ ಕಡೆಯಿಂದ ಬಣ್ಣದ ನೀರೋ ಎಣ್ಣೆಯೋ ಬಂದರೆ ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಹೋಗಲಿ. 1974ರ ಜಲ ಕಾಯ್ದೆಯಡಿ ಅದು ಅವರ ಕೆಲಸ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ಒಂದು ವಾರವಾದರೂ ಯಾರೂ ಬಾರದಿದ್ದರೆ ಆ ಪ್ರತಿ ಹಿಡಿದು ಭಾನುವಾರ ಸಂಘಕ್ಕೆ ಬನ್ನಿ, ಸೋಮವಾರ ಜೊತೆಯಲ್ಲೇ ಹೋಗೋಣ.