ಹೊರದೇಶಕ್ಕೆ ಮಾಲು ಕಳಿಸುವ ಮುಂಚೆ

ಮೈಸೂರಿನ ಅಗರಬತ್ತಿ ತಯಾರಕರು ಕೆಲವರು ಹೊಸದಾಗಿ ಹೊರದೇಶದ ಆರ್ಡರ್‌ಗೆ ಕೈ ಹಾಕುತ್ತಿದ್ದೀರಿ. ತುಂಬಾ ಖುಷಿ. ಒಂದು ಮಾತು ಹೇಳಲೇಬೇಕು. ದೇವರಾಜ ಮಾರ್ಕೆಟ್‌ನಲ್ಲಿ ಮುಖ ನೋಡಿ ಸಾಲ ಕೊಡುತ್ತೇವೆ. ಅವರ ಅಂಗಡಿ, ಮನೆ, ನೆಂಟರು ಎಲ್ಲ ಗೊತ್ತು. ದುಬೈನ ಗಿರಾಕಿ ವಿಷಯದಲ್ಲಿ ಆ ಗುರುತು ಇರುವುದಿಲ್ಲ, ಅಲ್ವಾ?

ಗಲ್ಫ್ ಕಡೆಯವರು ಸಾಮಾನ್ಯವಾಗಿ ಮೊದಲು ಆಳನ್ನು ನೋಡುತ್ತಾರೆ. ಕಾಫಿ, ಯೋಗಕ್ಷೇಮ ಆದಮೇಲೇ ರೇಟಿನ ಮಾತು. ಅವಸರ ಮಾಡಬೇಡಿ. ಜರ್ಮನಿಯವರು ಹೆಚ್ಚಾಗಿ ಮೊದಲೇ ಕರಾರು ಕೇಳುತ್ತಾರೆ. ನಮ್ಮ ಮೇಲೆ ಅನುಮಾನ ಅಂತ ಬೇಜಾರಾಗಬೇಡಿ, ಅವರು ನಂಬಿಕೆ ಬೆಳೆಸುವುದೇ ಹಾಗೆ.

ಮೊದಲ ಆರ್ಡರ್ ಚಿಕ್ಕದಿರಲಿ, ಅಡ್ವಾನ್ಸ್ ಕೇಳಿ. ದೊಡ್ಡದಾದರೆ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಕೇಳಿ, ಅಂದರೆ ಸರಿಯಾದ ಕಾಗದಪತ್ರ ಕೊಟ್ಟರೆ ಹಣ ಕೊಡುತ್ತೇವೆ ಅಂತ ಗಿರಾಕಿಯ ಬ್ಯಾಂಕ್ ಬರೆದುಕೊಡುವ ಭರವಸೆ. ಆದರೆ ಎಲ್‌ಸಿಯಲ್ಲಿ ಬ್ಯಾಂಕ್ ನೋಡುವುದು ಕಾಗದಪತ್ರ ಮಾತ್ರ, ಮಾಲನ್ನಲ್ಲ. ಎಲ್‌ಸಿಯಲ್ಲಿ ಒಂದು ತೂಕ, ಇನ್‌ವಾಯ್ಸ್‌ನಲ್ಲಿ ಇನ್ನೊಂದು ತೂಕ ಇದ್ದರೆ ಸಾಕು, ಹಣ ನಿಂತುಹೋಗಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೆಸರು, ತೂಕ, ಪೆಟ್ಟಿಗೆ ಲೆಕ್ಕ, ಕೊನೆಯ ದಿನಾಂಕ ಎಲ್ಲ ಸಾಲುಸಾಲಾಗಿ ತಾಳೆ ನೋಡಿ. ಆಮೇಲೆ ಲೋಡ್ ಮಾಡಿ.

ಸಾಲದ ಮೇಲೆ ಕಳಿಸಲೇಬೇಕಾದರೆ ಇಸಿಜಿಸಿ ವಿಮೆ ಮಾಡಿಸಿ. 1957ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಗಿರಾಕಿ ದಿವಾಳಿಯಾದರೆ, ಇಲ್ಲವೇ ಅವರ ದೇಶದಲ್ಲಿ ಯುದ್ಧವಾಗಿ ಹಣ ಬರದಿದ್ದರೆ, ಪಾಲಿಸಿ ಪ್ರಕಾರ ನಷ್ಟ ತುಂಬಿಕೊಡುತ್ತದೆ. ಹಳೆಯ ಗಿರಾಕಿ, ನಂಬಿಕಸ್ಥರು ಅಂತ ಸುಮ್ನೆ ಬಿಡಬೇಡಿ. ಯುದ್ಧ ಅವರ ಕೈಯಲ್ಲಿ ಇಲ್ಲವಲ್ಲ.

ಹಣ ತಡವಾದರೆ ಮೊದಲು ಫೋನ್ ಮಾಡಿ ಮಾತಾಡಿ. ಜೊತೆಗೇ ಇಸಿಜಿಸಿಗೂ ತಿಳಿಸಿ, ಅದಕ್ಕೆ ಪಾಲಿಸಿಯಲ್ಲಿ ಗಡುವು ಇರುತ್ತದೆ.