ರ್ಯಾಮ್ ಆಮೇಲೆ, ಮೊದಲು ಪ್ರೊಸೆಸರ್

ಹೊಸ ಕಂಪ್ಯೂಟರ್ ತಾನೇ ಜೋಡಿಸಲು ಹೊರಟಿದ್ದ ಅಣ್ಣನ ಮಗಳು ಫೋನ್ ಮಾಡಿದ್ದಳು. "ಅತ್ತೆ, ಒಂದು ರ್ಯಾಮ್ ಆಫರ್‌ನಲ್ಲಿ ಉಂಟು. ರಾತ್ರಿ 12ಕ್ಕೆ ಮುಗಿಯುತ್ತದೆ. ತೆಗೊಳ್ಳಲಾ?"

ಮದರ್‌ಬೋರ್ಡ್, ಅಂದರೆ ಎಲ್ಲ ಭಾಗ ಕೂರುವ ಮುಖ್ಯ ಹಲಗೆ, ಯಾವುದು ಅಂತ ಕೇಳಿದೆ. ಇನ್ನೂ ನೋಡಿಲ್ಲ ಅಂದಳು.

"ಹಾಗಾದ್ರೆ ಬೇಡ ಮಾರಾಯ್ತಿ. ಆಫರ್ ಹೋಗಲಿ."

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಕನ್ನಡ ಮಲಯಾಳ ಎರಡರಲ್ಲೂ ಮಾಡುತ್ತೇನೆ. ಅಂಗಡಿಯ ಮೂರೂ ಕಂಪ್ಯೂಟರ್ ನಾನೇ ಜೋಡಿಸಿದ್ದು. ಜೋಡಿಸುವುದು ಕಷ್ಟದ ಕೆಲಸವೇ ಅಲ್ಲ, ಒಂದು ಸ್ಕ್ರೂಡ್ರೈವರ್ ಸಾಕು. ಒಂದಕ್ಕೊಂದು ಹೊಂದುವ ಭಾಗಗಳನ್ನು ಆರಿಸುವುದರಲ್ಲೇ ಎಲ್ಲ ಇರುವುದು. ಇಲ್ಲಿ ತಪ್ಪು ಭಾಗ ಬಂದರೆ ಕುಂಬಳೆಗೆ ಒಂದು ಬಸ್ಸು, ಅಲ್ಲಿಂದ ತಲಪಾಡಿ ದಾಟಿ ಮಂಗಳೂರಿಗೆ ಇನ್ನೊಂದು ಬಸ್ಸು. ಒಂದು ದಿನ ಹೋಯಿತು ಅಂತಲೇ ಲೆಕ್ಕ.

ಮೊದಲು ಕೆಲಸ ಏನು ಅಂತ ಹೇಳಿಕೊಳ್ಳಿ. ಅವಳಿಗೆ ಬೇಕಾದದ್ದು ಯಕ್ಷಗಾನದ ವಿಡಿಯೊ ಎಡಿಟ್ ಮಾಡುವುದಕ್ಕೆ. ಇಡೀ ರಾತ್ರಿಯ ಆಟ, ಎರಡು ಕ್ಯಾಮರಾ. ಇಂಟೆಲ್ ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್ ಇಂಥ ವಿಡಿಯೊ ಬಿಚ್ಚಿ ತೋರಿಸುವ ಕೆಲಸಕ್ಕೆ ಚೆನ್ನಾಗಿ ಸಹಾಯ ಮಾಡುತ್ತದೆ. ಹಾಗಾಗಿ ಕೋರ್ ಐ5-13400 ಅಂತ ತೀರ್ಮಾನ ಮಾಡಿದೆವು. ಇದೇ ಹೆಸರಿನ ಕೊನೆಗೆ 'ಎಫ್' ಸೇರಿದ 13400ಎಫ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ. ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಬಿಲ್ ಮಾಡಿಸುವಾಗ ಆ ಒಂದು ಅಕ್ಷರ ನೋಡಲೇಬೇಕು.

ಪ್ರೊಸೆಸರ್ ಗೊತ್ತಾದರೆ ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಅದು ಕೂರುವ ಜಾಗ, ಗೊತ್ತಾಯಿತು. 13400ಕ್ಕೆ ಎಲ್‌ಜಿಎ 1700. ಇಂಟೆಲ್‌ನ 12, 13, 14ನೇ ಜನರೇಶನ್‌ನ ಡೆಸ್ಕ್‌ಟಾಪ್ ಕೋರ್ ಪ್ರೊಸೆಸರ್‌ಗಳು ಕೂರುವುದು ಇದರಲ್ಲಿ. ಎಎಂಡಿ ಕಡೆ ಎಎಂ4, ಎಎಂ5 ಅಂತ ಎರಡು ಸಾಕೆಟ್ ಜಾಸ್ತಿ ಸಿಗುತ್ತವೆ. ಎಎಂ4 ಆದರೆ ಡಿಡಿಆರ್4 ರ್ಯಾಮ್ ಮಾತ್ರ, ಎಎಂ5 ಆದರೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಗಮನ ಬೇಕು. ಬಿ760 ಅನ್ನುವ ಒಂದೇ ಹೆಸರಿನಲ್ಲಿ ಡಿಡಿಆರ್4ರ ಬೋರ್ಡೂ ಬರುತ್ತದೆ, ಡಿಡಿಆರ್5ರ ಬೋರ್ಡೂ ಬರುತ್ತದೆ. ಹೆಸರಿನ ಕೊನೆಗೆ 'ಡಿ4' ಅಂತ ಸಣ್ಣದಾಗಿ ಇದ್ದರೂ ಇರಬಹುದು. ಎರಡೂ ರ್ಯಾಮ್‌ಗೆ 288 ಪಿನ್, ಉದ್ದವೂ ಒಂದೇ. ಮಧ್ಯದ ಕಚ್ಚು ಮಾತ್ರ ಬೇರೆ ಜಾಗದಲ್ಲಿದೆ. ಒಂದರ ಜಾಗಕ್ಕೆ ಇನ್ನೊಂದು ಇಳಿಯುವುದೇ ಇಲ್ಲ. ಒತ್ತಿದರೆ ಬೋರ್ಡ್ ಹಾಳು. ಅವಳು ನೋಡಿದ್ದ ಆಫರ್ ಡಿಡಿಆರ್4. ನಾವು ಆಮೇಲೆ ಆರಿಸಿದ ಬೋರ್ಡ್ ಡಿಡಿಆರ್5ರದ್ದು.

32 ಜಿಬಿ ಬೇಕಾದರೆ 16ರ ಎರಡು ತುಂಡು ಒಂದೇ ಪೆಟ್ಟಿಗೆಯಲ್ಲಿ ಬಂದದ್ದನ್ನು ತೆಗೆದುಕೊಳ್ಳಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಬೋರ್ಡ್ ಜೊತೆ ಬರುವ ಪುಸ್ತಕದಲ್ಲಿ ಚಿತ್ರ ಇರುತ್ತದೆ.

ಸಾಕೆಟ್ ಸರಿ ಇದ್ದ ಮಾತ್ರಕ್ಕೆ ಕಂಪ್ಯೂಟರ್ ಏಳುತ್ತದೆ ಅಂತ ಇಲ್ಲ. ಇದನ್ನು ನಾನು ಕಲಿತದ್ದು ಅಂಗಡಿಯ ಎರಡನೇ ಕಂಪ್ಯೂಟರ್‌ನಲ್ಲಿ. ರೈಜನ್ 5 5600ಜಿ ಪ್ರೊಸೆಸರ್, ಬಿ450 ಬೋರ್ಡ್. ಎರಡೂ ಎಎಂ4. ಎಲ್ಲ ಜೋಡಿಸಿ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ಮಾನಿಟರ್ ಕಪ್ಪು. ರ್ಯಾಮ್ ತೆಗೆದು ಹಾಕಿದೆ, ಕೇಬಲ್ ಬದಲಿಸಿದೆ, ರಾತ್ರಿ 1 ಗಂಟೆ ಆಯಿತು. ಬೋರ್ಡ್ ಹಳೆಯ ಸ್ಟಾಕು. ಅದರ ಬಯೋಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸಲು ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ, ಬರೆದಾಗ 5600ಜಿ ಹುಟ್ಟಿರಲೇ ಇಲ್ಲ. ಮರುದಿನ ಬೋರ್ಡನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಮಂಗಳೂರಿಗೆ ಹೋದೆ. ಅಂಗಡಿಯವರು ಒಂದು ಹಳೆ ರೈಜನ್ ಕೂರಿಸಿ ಬಯೋಸ್ ಅಪ್‌ಡೇಟ್ ಮಾಡಿ ಕೊಟ್ಟರು. 10 ನಿಮಿಷದ ಕೆಲಸ.

ಹಾಗಾಗಿ ದುಡ್ಡು ಕೊಡುವ ಮೊದಲು ಬೋರ್ಡ್ ಕಂಪೆನಿಯ ಸೈಟ್‌ನಲ್ಲಿ ಆ ಮಾಡೆಲ್‌ನ ಸಪೋರ್ಟ್ ಪುಟ ತೆರೆಯಿರಿ. ಪ್ರೊಸೆಸರ್‌ಗಳ ಪಟ್ಟಿ ಇರುತ್ತದೆ. ಒಂದೊಂದರ ಎದುರು ಯಾವ ಬಯೋಸ್‌ನಿಂದ ನಡೆಯುತ್ತದೆ ಅಂತ ಬರೆದಿರುತ್ತದೆ. ಅಂಗಡಿಯಲ್ಲಿರುವ ಬೋರ್ಡ್‌ಗೆ ಅಷ್ಟು ಹೊಸ ಬಯೋಸ್ ಉಂಟಾ ಅಂತ ಕೇಳಿ, ಇಲ್ಲದಿದ್ದರೆ ಅಲ್ಲೇ ಹಾಕಿಸಿ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಬಟನ್ ಇರುವ ಬೋರ್ಡ್‌ಗಳೂ ಇವೆ. ನಮ್ಮಂಥ ದೂರದ ಊರಿನವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಅಂಥದ್ದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಫೈಲುಗಳನ್ನು ಇಡುವ ಎಸ್‌ಎಸ್‌ಡಿಯ ವಿಷಯ ಸಣ್ಣದು. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ವೇಗದ ಎನ್‌ವಿಎಂಇಯೂ ಇದೆ, ನಿಧಾನದ ಸಾಟಾವೂ ಇದೆ. ಎನ್‌ವಿಎಂಇ ತೆಗೆದುಕೊಳ್ಳಿ, ಬೋರ್ಡ್‌ನ ಸ್ಲಾಟ್ ಅದಕ್ಕೆ ಆಗುತ್ತದಾ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಹಾಕಿದರೆ ಒಂದು ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಹಳೆ ಆಟಗಳ ವಿಡಿಯೊಗೆ ಹಾರ್ಡ್‌ಡಿಸ್ಕ್ ಕೂಡಾ ಇಡುವವರಿಗೆ ಇದು ಮುಖ್ಯ.

ಎಲ್ಲ ಭಾಗಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡಬೇಡಿ. ಕ್ಯಾಬಿನೆಟ್ (ಹೊರಗಿನ ಪೆಟ್ಟಿಗೆ) ಜೊತೆ ಸುಮ್ನೆ ಸೇರಿಸಿ ಕೊಡುವ, ಹೆಸರೇ ಕೇಳಿರದ ಎಸ್‌ಎಂಪಿಎಸ್ ನನಗೆ ಬೇಡವೇ ಬೇಡ. ಲೆಕ್ಕ ಹೀಗೆ: 13400 ಪೂರ್ತಿ ಓಡುವಾಗ 148 ವ್ಯಾಟ್‌ವರೆಗೆ ಎಳೆಯುತ್ತದೆ. ಮುಂದೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಅದಕ್ಕೆ 170. ಉಳಿದದ್ದೆಲ್ಲ ಸೇರಿದರೂ 400ರ ಒಳಗೆ. 550 ವ್ಯಾಟಿನದ್ದು ಆರಾಮ ಸಾಕು. ಪ್ರೊಸೆಸರ್‌ಗೆ 8 ಪಿನ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗೆ 6+2 ಪಿನ್ ಕೇಬಲ್ ಬೇರೆ ಬೇರೆ ಇರಲಿ. ಬಿಚ್ಚಿ ಹಾಕುವ ಕೇಬಲ್‌ನ ಎಸ್‌ಎಂಪಿಎಸ್ ಆದರೆ ಬೇರೆ ಕಂಪೆನಿಯ ಕೇಬಲ್ ಯಾವತ್ತೂ ಸಿಕ್ಕಿಸಬೇಡಿ. ತುದಿ ಒಂದೇ ತರ ಕಂಡರೂ ಒಳಗಿನ ವಯರ್ ಕ್ರಮ ಬೇರೆ ಇರಬಹುದು, ಭಾಗ ಸುಟ್ಟುಹೋಗಬಹುದು.

ನಮ್ಮ ಕಡೆ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಕರೆಂಟು ಹೋಯಿತು. ಯುಪಿಎಸ್ ಬೇಕೇ ಬೇಕು. 600 ವಿಎ ಅಂದರೆ 600 ವ್ಯಾಟ್ ಅಲ್ಲ, ಹೆಚ್ಚಿನವು 360 ವ್ಯಾಟ್ ಅಷ್ಟೇ. ಮಾನಿಟರ್ ಸೇರಿಸಿ ಲೆಕ್ಕ ಹಾಕಿ. ತುಲಾ ಮಾಸದ ಸಂಜೆ ಗುಡುಗು ಕೇಳಿದರೆ ಪ್ಲಗ್ ತೆಗೆಯಿರಿ, ಮೋಡೆಮ್‌ನಿಂದ ಬರುವ ನೆಟ್ ಕೇಬಲನ್ನೂ ತೆಗೆಯಿರಿ.

ಕ್ಯಾಬಿನೆಟ್ ಕೊನೆಗೆ. ಮೈಕ್ರೋ ಎಟಿಎಕ್ಸ್ ಬೋರ್ಡ್ 244 ಮಿ.ಮೀ. ಅಗಲ-ಉದ್ದದವರೆಗೆ ಇರುತ್ತದೆ. ಅದು ಕೂರುವುದು ಸುಲಭ. ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ನ ಎತ್ತರ, ಗ್ರಾಫಿಕ್ಸ್ ಕಾರ್ಡ್‌ನ ಉದ್ದ, ಈ ಎರಡು ಅಳತೆ ಕ್ಯಾಬಿನೆಟ್‌ನ ವಿವರದಲ್ಲಿ ನೋಡಿ. 160 ಮಿ.ಮೀ. ಕೂಲರ್‌ಗೆ 155ರ ಜಾಗ ಇದ್ದರೆ ಬಾಗಿಲು ಮುಚ್ಚುವುದಿಲ್ಲ.

ಬೋರ್ಡ್ ಕೈಗೆ ಬಂದಾಗ ಅಂಗಡಿಯ ಮೇಜಿನ ಮೇಲೆಯೇ ತೆರೆದು ಸಾಕೆಟ್‌ನ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಬಗ್ಗಿದ್ದರೆ ಆಗಲೇ ಹೇಳಬೇಕು, ಮನೆಗೆ ಬಂದ ಮೇಲೆ ಯಾರೂ ಕೇಳುವುದಿಲ್ಲ. ಮುಚ್ಚಿದ್ದ ಪ್ಲಾಸ್ಟಿಕ್ ಕವಚವನ್ನು ಬಿಲ್ ಜೊತೆ ಜೋಪಾನವಾಗಿ ಇಡಿ.

ಮೊನ್ನೆ ಶನಿವಾರ ಅವಳು ತಾನೇ ಕೂತು ಎಲ್ಲ ಜೋಡಿಸಿದಳು. ಸ್ವಿಚ್ ಹಾಕಿ ತಕ್ಷಣ ಫೋನ್ ಮಾಡಿದಳು. "ಅತ್ತೆ, ಏನೂ ಬರ್ತಾ ಇಲ್ಲ." ಡಿಡಿಆರ್5 ಮೊದಲ ಸಲ ತನ್ನನ್ನು ಬೋರ್ಡ್‌ಗೆ ಹೊಂದಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಆಫ್ ಮಾಡಬೇಡ, ಒಂದೆರಡು ನಿಮಿಷ ಕಾಯಿ ಅಂದೆ. ಇಬ್ಬರೂ ಫೋನ್ ಹಿಡಿದುಕೊಂಡೇ ಕಾದೆವು.

"ಬಂತು ಅತ್ತೆ!"