ಆರು ಪ್ರಯಾಣಿಕರ ಚಾರ್ಟರ್ ಬೋಟಿಗೆ ಅಮೆರಿಕದ ಕ್ಯಾಪ್ಟನ್ ಲೈಸೆನ್ಸ್ ಪಡೆಯುವ ಬಗೆ

ಅಮೆರಿಕದ ಸಂಚಾರಯೋಗ್ಯ ನೀರಿನಲ್ಲಿ ದುಡ್ಡು ಪಡೆದು ಜನರನ್ನು ಮೀನು ಹಿಡಿಯಲೋ ಸುತ್ತಾಡಿಸಲೋ ಕರೆದೊಯ್ಯಬೇಕೆಂದರೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಬೇಕೇ ಬೇಕು. ಬೋಟು ನಿಮ್ಮದೇ ಆಗಿದ್ದರೂ ಈ ಮಾತು ಬದಲಾಗದು. ರಾಜ್ಯ ಸರ್ಕಾರ ಕೊಡುವ ಬೋಟಿಂಗ್ ಕಾರ್ಡ್ ಇದಕ್ಕೆ ಸಾಲದು. ಹೆಚ್ಚಿನವರು ಮೊದಲು ಪಡೆಯುವುದು 'ಓಯುಪಿವಿ', ಅಂದರೆ ತಪಾಸಣೆಗೊಳಪಡದ ಪ್ರಯಾಣಿಕ ಬೋಟಿನ ಚಾಲಕ, ಎಂಬ ಅರ್ಹತೆ. ಬೋಟಿನವರ ಬಾಯಲ್ಲಿ ಅದು 'ಸಿಕ್ಸ್ ಪ್ಯಾಕ್'. ಕೋಸ್ಟ್ ಗಾರ್ಡ್ ತಪಾಸಣಾ ಪತ್ರ ಬೇಡದ, 100 ಗ್ರಾಸ್ ಟನ್ನಿಗಿಂತ (ಇದು ತೂಕವಲ್ಲ, ಬೋಟಿನ ಒಳಗಾತ್ರದ ಅಳತೆ) ಕಡಿಮೆಯ ಬೋಟಿನಲ್ಲಿ ಗರಿಷ್ಠ 6 ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯಲು ಅದು ಅನುಮತಿ ಕೊಡುತ್ತದೆ. ತಾಯಿಯ ಮಡಿಲಲ್ಲಿರುವ ಕೂಸೂ ಆ ಆರರ ಲೆಕ್ಕಕ್ಕೆ ಸೇರುತ್ತದೆ. ಏಳನೆಯವರು ಹತ್ತಿದರೆ ಲೈಸೆನ್ಸೂ ಬೇರೆ, ಬೋಟಿನ ತಪಾಸಣೆಯೂ ಬೇರೆ.

ಪರೀಕ್ಷೆಯೇ ದೊಡ್ಡ ಬೆಟ್ಟ ಎಂದುಕೊಂಡು ಬಹಳ ಮಂದಿ ಪುಸ್ತಕದಿಂದ ಶುರುಮಾಡುತ್ತಾರೆ. ಆದರೆ ಓದಿದರೆ ಪರೀಕ್ಷೆ ಪಾಸಾಗುತ್ತದೆ. ಓದಿ ತುಂಬಿಸಲಾಗದ್ದು ನೀರಿನ ಮೇಲೆ ಕಳೆದ ದಿನಗಳ ಲೆಕ್ಕ. ಅರ್ಜಿಗಳು ವಾಪಸು ಬರುವುದೂ ಹೆಚ್ಚಾಗಿ ಅಲ್ಲಿಂದಲೇ. ಹಾಗಾಗಿ ಮೊದಲ ಕೆಲಸ ದಿನ ಎಣಿಸುವುದು.

360 ದಿನಗಳ ಲೆಕ್ಕ

ಓಯುಪಿವಿಗೆ ಕನಿಷ್ಠ ವಯಸ್ಸು 18, ಬೇಕಾದ ಅನುಭವ 360 ದಿನ. ಒಳನಾಡಿನ ನೀರಿಗಷ್ಟೇ ಸೀಮಿತವಾದ ಲೈಸೆನ್ಸ್ ಸಾಕೆಂದರೆ ಈ ದಿನಗಳು ಯಾವ ನೀರಿನಲ್ಲಿ ಕಳೆದವಾದರೂ ಆದೀತು. ತೀರದಿಂದ 100 ಮೈಲಿವರೆಗಿನ 'ನಿಯರ್ ಕೋಸ್ಟಲ್' ಲೈಸೆನ್ಸ್ ಬೇಕೆಂದರೆ ಅದರಲ್ಲಿ 90 ದಿನ ಸಮುದ್ರದ್ದಾಗಿರಬೇಕು. ಇಲ್ಲಿ ಸಮುದ್ರವೆಂದರೆ ಕೋಸ್ಟ್ ಗಾರ್ಡ್ ಗುರುತಿಸಿರುವ ಗಡಿರೇಖೆಯ ಆಚೆಗಿನ ನೀರು. ಕೊಲ್ಲಿಯ ಒಳಗೆ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಓಡಾಡಿದವರು ಅದೆಲ್ಲ ಸಮುದ್ರವೇ ಎಂದು ಬರೆದು ಎಡವುತ್ತಾರೆ. ಒಟ್ಟು ದಿನಗಳಲ್ಲಿ ಹಳೆಯವೂ ನಡೆಯುತ್ತವೆ, ಆದರೆ 90 ದಿನ ಇತ್ತೀಚಿನವಾಗಿರಬೇಕು. ಇತ್ತೀಚಿನದು ಎಂದರೆ ಎಷ್ಟು ವರ್ಷದೊಳಗೆ ಎಂಬುದನ್ನು ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಕೋಸ್ಟ್ ಗಾರ್ಡ್ ಚೆಕ್‌ಲಿಸ್ಟ್ ನೋಡಿಯೇ ಖಚಿತಪಡಿಸಿಕೊಳ್ಳಿ.

ಒಂದು ದಿನವೆಂದರೆ ಮೂಲತಃ 8 ಗಂಟೆ. 100 ಟನ್ನಿಗಿಂತ ಚಿಕ್ಕ ಬೋಟಿನಲ್ಲಿ 4 ಗಂಟೆ ಸಂಚಾರವಿದ್ದರೂ ಒಂದು ದಿನ ಸಿಗುತ್ತದೆ. ಮೂರೂವರೆ ಗಂಟೆಗೆ ಏನೂ ಸಿಗದು, ಎರಡು ಅರ್ಧ ದಿನ ಕೂಡಿಸಿ ಒಂದು ಮಾಡಲೂ ಆಗದು. ಲಂಗರು ಹಾಕಿ ನಿಂತ ಹೊತ್ತು, ಕಟ್ಟೆಗೆ ಕಟ್ಟಿದ ಹೊತ್ತು ಲೆಕ್ಕಕ್ಕಿಲ್ಲ. ಎಂಜಿನ್ ನಿಲ್ಲಿಸಿ ತೇಲುತ್ತ ಮೀನು ಹಿಡಿದ ಹೊತ್ತು ಹಾಗಲ್ಲ, ಲೆಕ್ಕಕ್ಕಿದೆ: ಲಂಗರು ಹಾಕದ, ದಡಕ್ಕೆ ಕಟ್ಟದ, ನೆಲಕ್ಕೆ ತಾಗಿ ಕೂರದ ಬೋಟು ಸಂಚಾರದಲ್ಲಿದೆ ಎಂಬುದೇ ನಿಯಮದ ವ್ಯಾಖ್ಯೆ. ಚುಕ್ಕಾಣಿ ನೀವೇ ಹಿಡಿದಿರಬೇಕೆಂದಿಲ್ಲ, ಡೆಕ್ಕಿನ ಸಿಬ್ಬಂದಿಯಾಗಿ ದುಡಿದಿದ್ದರೂ ಸರಿ. ಸುಮ್ಮನೆ ಕೂತು ಪಯಣಿಸಿದ್ದು ಮಾತ್ರ ಸೇವೆಯಲ್ಲ.

ವರ್ಷಪೂರ್ತಿ ಪ್ರತಿ ಶನಿವಾರ, ಭಾನುವಾರ ನಾಲ್ಕು ಗಂಟೆ ಹೊರಟರೆ ವರ್ಷಕ್ಕೆ 104 ದಿನ, ಅಂದರೆ ಮೂರೂವರೆ ವರ್ಷದ ಮಾತು. ಚಳಿಗೆ ಬೋಟು ಮೇಲೆಳೆಯುವ ಉತ್ತರದ ಕಡೆ ಐದು ತಿಂಗಳ ವಾರಾಂತ್ಯಗಳಷ್ಟೇ ಸಿಕ್ಕರೆ ವರ್ಷಕ್ಕೆ ಸುಮಾರು 43 ದಿನ, ಎಂಟು ವರ್ಷ ದಾಟುತ್ತದೆ. ಬೇರೆಯವರ ಚಾರ್ಟರ್ ಬೋಟಿನಲ್ಲಿ ಒಂದೆರಡು ಹಂಗಾಮು ಡೆಕ್ ಹ್ಯಾಂಡ್ ಆಗಿ ದುಡಿಯುವುದೇ ಚುರುಕಿನ ದಾರಿ. ದಿನವೂ ಎಣಿಕೆಯಾಗುತ್ತದೆ, ಪ್ರಯಾಣಿಕರನ್ನು ನಿಭಾಯಿಸುವ ಕೈಯೂ ಪಳಗುತ್ತದೆ.

ಈ ದಿನಗಳನ್ನು ಬರೆಯುವುದು ಸಿಜಿ-719ಎಸ್ ಎಂಬ ನಮೂನೆಯಲ್ಲಿ. ಪ್ರತಿ ಬೋಟಿಗೂ ಪ್ರತ್ಯೇಕ ಹಾಳೆ. ಬೋಟಿನ ಹೆಸರು, ನೋಂದಣಿ ಸಂಖ್ಯೆ, ಉದ್ದ, ಟನ್, ನಿಮ್ಮ ಹುದ್ದೆ, ಓಡಾಡಿದ ನೀರು, ದಿನಕ್ಕೆ ಸರಾಸರಿ ಗಂಟೆ, ಪ್ರತಿ ವರ್ಷದ ಪ್ರತಿ ತಿಂಗಳ ದಿನಗಳು, ಇಷ್ಟನ್ನೂ ತುಂಬಬೇಕು. ಸ್ವಂತ ಬೋಟಾದರೆ ನೀವೇ ಸಹಿ ಹಾಕಬಹುದು, ಒಡೆತನದ ದಾಖಲೆ ಲಗತ್ತಿಸಬೇಕು. ಇನ್ನೊಬ್ಬರದಾದರೆ ಮಾಲೀಕರ ಅಥವಾ ಕ್ಯಾಪ್ಟನ್ನರ ಸಹಿ ಬೇಕು. ಬೋಟು ಮಾರಾಟವಾಗಿ, ಮಾಲೀಕರು ಊರು ಬಿಟ್ಟ ಮೇಲೆ ಸಹಿ ಹುಡುಕುವುದು ಬಲು ಕಷ್ಟ. ಪ್ರತಿ ಹಂಗಾಮು ಮುಗಿದ ಕೂಡಲೇ ಹಾಳೆ ತುಂಬಿಸಿ ಸಹಿ ಮಾಡಿಸಿಟ್ಟುಕೊಳ್ಳಿ. ತಿಂಗಳ ಅಂಕಿಗಳ ಮೊತ್ತ ಕೆಳಗಿನ ಒಟ್ಟಿಗೆ ತಾಳೆಯಾಗದಿರುವುದು, ಒಂದೇ ತಿಂಗಳಲ್ಲಿ ಎರಡು ಬೋಟಿನ ಹಾಳೆ ಸೇರಿ 31 ಮೀರುವುದು, ಸರಾಸರಿ ಗಂಟೆಯ ಜಾಗ ಖಾಲಿ ಬಿಡುವುದು: ಪದೇ ಪದೇ ಕಾಣುವ ತಪ್ಪುಗಳು ಇವೇ. ಉತ್ಪ್ರೇಕ್ಷೆಯಂತೂ ಖಂಡಿತ ಬೇಡ. ಅದು ಫೆಡರಲ್ ಸರ್ಕಾರಕ್ಕೆ ಕೊಡುವ ಹೇಳಿಕೆ; ಸುಳ್ಳು ಬರೆದರೆ ಅಪರಾಧ.

ದಿನಗಳೇ ಸಾಲದವರಿಗೆ ಒಂದು ಕಿಂಡಿಯಿದೆ. ಯಾಟ್ ಕ್ಲಬ್, ಮರೀನಾ, ಶಿಬಿರಗಳಂಥ ಕಡೆ ಗೊತ್ತುಪಡಿಸಿದ ಸಣ್ಣ ಪ್ರದೇಶದೊಳಗಷ್ಟೇ ಬೋಟು ನಡೆಸುವವರಿಗೆ ಮೂರು ತಿಂಗಳ ಅನುಭವದ ಮೇಲೆ ಸೀಮಿತ ಓಯುಪಿವಿ ಸಿಗುತ್ತದೆ.

ಅಮೆರಿಕದ ಪೌರತ್ವ ಇಲ್ಲದವರಿಗೂ ಓಯುಪಿವಿ ದಕ್ಕಬಹುದು. ಆದರೆ ಅದು ಫೆಡರಲ್ ದಾಖಲಾತಿ ಕಡ್ಡಾಯವಲ್ಲದ ಬೋಟುಗಳಿಗೆ, ಅಂದರೆ 5 ನೆಟ್ ಟನ್ನಿಗಿಂತ (ಸರಕಿಗೂ ಜನಕ್ಕೂ ಉಳಿಯುವ ಒಳಜಾಗದ ಅಳತೆ) ಚಿಕ್ಕವಕ್ಕೆ ಮಾತ್ರ. ಪೌರರಾಗಿದ್ದು 19 ತುಂಬಿದವರು ಇನ್ನೊಂದನ್ನೂ ಯೋಚಿಸಬೇಕು: ಆರಕ್ಕಿಂತ ಹೆಚ್ಚು ಪ್ರಯಾಣಿಕರ, ತಪಾಸಣೆಯಾದ ಬೋಟಿಗೂ ಸಲ್ಲುವ 'ಮಾಸ್ಟರ್' ಲೈಸೆನ್ಸಿಗೂ ಒಳನಾಡಿನ ನೀರಿನಲ್ಲಿ ಕೇಳುವುದು ಅದೇ 360 ದಿನ. ಸ್ವಲ್ಪ ಹೆಚ್ಚು ಓದಿ ಒಳನಾಡಿಗೆ ಮಾಸ್ಟರ್, ಸಮುದ್ರಕ್ಕೆ ಓಯುಪಿವಿ ಎಂದು ಒಂದೇ ಅರ್ಜಿಯಲ್ಲಿ ಕೇಳುವುದು ಜಾಣತನ. ಸಮುದ್ರದ ಮಾಸ್ಟರಿಗಾದರೆ 720 ದಿನ ಬೇಕು.

ಕಾಗದಪತ್ರ, ಅವುಗಳ ಅವಧಿ

ಪ್ರತಿ ದಾಖಲೆಗೂ ಅದರದೇ ಗಡುವು ಇರುವುದರಿಂದ ಮಾಡಿಸುವ ಕ್ರಮ ಮುಖ್ಯ. ಮೊದಲು ಟ್ವಿಕ್ ಕಾರ್ಡ್. ಸಾರಿಗೆ ಭದ್ರತಾ ಇಲಾಖೆ, ಅಂದರೆ ಟಿಎಸ್ಎ, ಬೆರಳಚ್ಚು ಪಡೆದು ಹಿನ್ನೆಲೆ ಪರಿಶೀಲಿಸಿ ಕೊಡುವ ಈ ಕಾರ್ಡಿನ ಅವಧಿ 5 ವರ್ಷ. ಮೊದಲ ಸಲದ ಅರ್ಜಿದಾರರೆಲ್ಲ ಇದಕ್ಕೆ ನೋಂದಾಯಿಸಲೇಬೇಕು. ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಇದನ್ನು ಮುಂಚೆಯೇ ಮುಗಿಸಿ.

ಆಮೇಲೆ ವೈದ್ಯಕೀಯ ನಮೂನೆ, ಸಿಜಿ-719ಕೆ. ವೈದ್ಯರ ಸಹಿ ಬಿದ್ದ 12 ತಿಂಗಳೊಳಗೆ ಅರ್ಜಿ ಹೋಗಬೇಕು. ಒಂದು ಕಣ್ಣಿನಲ್ಲಾದರೂ ಕನ್ನಡಕ ಹಾಕಿ 20/40, ಅದೇ ಕಣ್ಣಿನಲ್ಲಿ ಕನ್ನಡಕವಿಲ್ಲದೆ 20/200 ಇರಬೇಕು. ಕನ್ನಡಕದ ಅಂಕಿ ಬರೆದು, ಬರಿಗಣ್ಣಿನದನ್ನು ಬಿಟ್ಟುಬಿಡುವ ಕ್ಲಿನಿಕ್‌ಗಳು ಬಹಳ, ಅಲ್ಲಿಂದ ಹೊರಬೀಳುವ ಮುನ್ನ ಹಾಳೆಯ ಮೇಲೆ ಕಣ್ಣಾಡಿಸಿ. ಬಣ್ಣಗಳ ಗುರುತಿಸುವಿಕೆಯನ್ನೂ ನೋಡುತ್ತಾರೆ, ಏಕೆಂದರೆ ರಾತ್ರಿ ಕೆಂಪು ಹಸಿರು ತಿಳಿಯದವರಿಗೆ ಎದುರಿನ ಬೋಟು ಯಾವ ಕಡೆ ಹೋಗುತ್ತಿದೆ ಎಂದೇ ತಿಳಿಯದು. ಬಣ್ಣ ತೋರಿಸುವ ವಿಶೇಷ ಲೆನ್ಸ್ ಧರಿಸಿ ಈ ಪರೀಕ್ಷೆ ಕೊಡುವಂತಿಲ್ಲ. ಒಂದು ಬಗೆಯ ಪರೀಕ್ಷೆಯಲ್ಲಿ ಸೋತವರಿಗೆ ಒಪ್ಪಿತವಾದ ಬೇರೆ ಪರೀಕ್ಷೆಗಳುಂಟು. ಸಕ್ಕರೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಇದ್ದ ಮಾತ್ರಕ್ಕೆ ಅರ್ಜಿ ತಿರಸ್ಕೃತವಾಗುವುದಿಲ್ಲ. ಮುಚ್ಚಿಡಬೇಡಿ, ಚಿಕಿತ್ಸೆಯಲ್ಲಿದ್ದೀರಿ ಎಂಬ ವರದಿಯನ್ನು ಜೊತೆಗೇ ಕಳಿಸಿ.

ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ 12 ತಿಂಗಳೊಳಗಿನದು, ಸಿಪಿಆರ್ (ನಿಂತ ಹೃದಯಕ್ಕೆ ಎದೆಯೊತ್ತಿ ಮರುಚಾಲನೆ ಕೊಡುವ ವಿಧಾನ) ಪ್ರಮಾಣಪತ್ರ ಚಾಲ್ತಿಯಲ್ಲಿರುವುದು ಬೇಕು.

ಡ್ರಗ್ ಟೆಸ್ಟ್ ಕೊನೆಗೆ. ಸಿಜಿ-719ಪಿ ನಮೂನೆಯಲ್ಲಿ ದಾಖಲಾಗುವ ಇದು 185 ದಿನದೊಳಗಿನದಾಗಿರಬೇಕು. ಮೊದಲೇ ಮಾಡಿಸಿದವರು ಉಳಿದ ಕಾಗದ ಹೊಂದಿಸುವಷ್ಟರಲ್ಲಿ ಅವಧಿ ಮುಗಿದು ಮತ್ತೆ ದುಡ್ಡು ತೆರುತ್ತಾರೆ. ಫೆಡರಲ್ ಸಾರಿಗೆ ಇಲಾಖೆಯ ಕ್ರಮದಲ್ಲೇ ಪರೀಕ್ಷೆ ನಡೆದು, ವೈದ್ಯಕೀಯ ಪರಿಶೀಲನಾಧಿಕಾರಿಯ ಸಹಿ ಬಿದ್ದಿರಬೇಕು. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧ ಎಂಬ ಮಾತು ಇಲ್ಲಿ ನಡೆಯದು. ಗಾಂಜಾ ಜಾತಿಯ ಗಿಡದಿಂದ ತೆಗೆದ ಸಿಬಿಡಿ ಎಣ್ಣೆಯಿಂದ ಬಂತು ಎಂಬ ವಿವರಣೆಯನ್ನೂ ಒಪ್ಪುವುದಿಲ್ಲ.

ಹಳೆಯ ಶಿಕ್ಷೆಗಳಿದ್ದರೆ, ಕುಡಿದು ಕಾರು ಓಡಿಸಿದ ಪ್ರಕರಣವೂ ಸೇರಿ, ಅರ್ಜಿಯಲ್ಲಿ ಬರೆಯಿರಿ. ಹೇಗೂ ಕೋಸ್ಟ್ ಗಾರ್ಡಿಗೆ ಅದು ಸಿಗುತ್ತದೆ. ತಪ್ಪಿಗಿಂತ ಮುಚ್ಚಿಟ್ಟದ್ದೇ ಹೆಚ್ಚು ಕಾಡುತ್ತದೆ.

ಪರೀಕ್ಷೆ

ದಾರಿ ಎರಡು. ಕೋಸ್ಟ್ ಗಾರ್ಡ್ ಮಾನ್ಯ ಮಾಡಿದ ಶಾಲೆಯಲ್ಲಿ ಕೋರ್ಸ್ ಮಾಡಿ ಅಲ್ಲೇ ಪರೀಕ್ಷೆ ಬರೆಯುವುದು ಒಂದು. ಆ ಪ್ರಮಾಣಪತ್ರಕ್ಕೆ ಒಂದು ವರ್ಷದ ಆಯುಸ್ಸು. ಸ್ವಂತವಾಗಿ ಓದಿ, ಅರ್ಜಿ ಒಪ್ಪಿಗೆಯಾದ ಮೇಲೆ ಕೋಸ್ಟ್ ಗಾರ್ಡಿನ ಪ್ರಾದೇಶಿಕ ಪರೀಕ್ಷಾ ಕೇಂದ್ರದಲ್ಲಿ ಬರೆಯುವುದು ಇನ್ನೊಂದು. ಎರಡನೆಯದು ಅಗ್ಗ, ಆದರೆ ಚಾರ್ಟಿನ (ನೀರಿನ ದಾರಿಯ ನಕ್ಷೆಯ) ಮೇಲೆ ಗೆರೆ ಎಳೆಯುವುದನ್ನು ಒಬ್ಬರೇ ಕಲಿಯುವುದು ಸುಲಭವಲ್ಲ. ಗುರುವಿದ್ದರೆ ಒಳ್ಳೆಯದು. ಕೋರ್ಸಿಗೆ ಸೇರುವ ಮುಂಚೆ ದಿನಗಳ ಲೆಕ್ಕ ಪೂರ್ಣವಾಗಿದೆಯೇ ನೋಡಿ, ಇಲ್ಲವಾದರೆ ಆ ಒಂದು ವರ್ಷ ವ್ಯರ್ಥವಾಗುತ್ತದೆ.

ಸಂಚಾರ ನಿಯಮಗಳ ಪತ್ರಿಕೆಯಲ್ಲಿ ಪಾಸಾಗಲು 90 ಶೇಕಡಾ ಬೇಕು. 30 ಪ್ರಶ್ನೆಯಿದ್ದರೆ ಮೂರಕ್ಕಿಂತ ಹೆಚ್ಚು ತಪ್ಪುವಂತಿಲ್ಲ, ಪುಸ್ತಕ ತೆರೆಯುವಂತಿಲ್ಲ. ಓದುವ ಹೊತ್ತಿನ ಅರ್ಧಭಾಗವನ್ನು ಇದಕ್ಕೇ ಮೀಸಲಿಡಿ. ನಿಯರ್ ಕೋಸ್ಟಲ್ ಕೇಳಿದವರು ಅಂತರರಾಷ್ಟ್ರೀಯ ಮತ್ತು ಒಳನಾಡು, ಎರಡೂ ನಿಯಮಗಳನ್ನು ಕಲಿಯಬೇಕು. ಜಾರಿ ಬೀಳುವುದು ಇವೆರಡರ ನಡುವಿನ ಸಣ್ಣ ವ್ಯತ್ಯಾಸದಲ್ಲೇ. ಉದಾಹರಣೆಗೆ, ಒಂದು ಗಿಡ್ಡ ಸೀಟಿ. ಅಂತರರಾಷ್ಟ್ರೀಯ ನಿಯಮದಲ್ಲಿ ಅದರರ್ಥ 'ನಾನು ಬಲಕ್ಕೆ ತಿರುಗುತ್ತಿದ್ದೇನೆ', ಅಂದರೆ ಆಗುತ್ತಿರುವ ಕ್ರಿಯೆ. ಒಳನಾಡಿನಲ್ಲಿ ಅದೇ ಸೀಟಿಯ ಅರ್ಥ 'ನಿಮ್ಮನ್ನು ನನ್ನ ಎಡಬದಿಗೆ ಬಿಟ್ಟು ಹೋಗುವ ಉದ್ದೇಶವಿದೆ'. ಅದು ಬರೀ ಸೂಚನೆ, ಒಪ್ಪಿದರೆ ಎದುರಿನವರು ಅದೇ ಸೀಟಿ ಮರಳಿಸಬೇಕು. ಪ್ರಶ್ನೆಯ ಮೊದಲ ಸಾಲಲ್ಲಿ ಯಾವ ನಿಯಮ ಎಂದು ಬರೆದಿರುತ್ತದೆ, ಅವಸರದಲ್ಲಿ ಅದನ್ನು ದಾಟಿ ಹೋಗಬೇಡಿ.

ದೀಪಗಳನ್ನು ಉರುಹೊಡೆಯುವ ಬದಲು ಕೋನಗಳನ್ನು ಚಿತ್ರ ಬರೆದು ಕಲಿಯಿರಿ. ಪಕ್ಕದ ದೀಪ ಒಂದೊಂದೂ 112.5 ಡಿಗ್ರಿ, ಮುಂದಿನ ಬಿಳಿ ಕಂಬದೀಪ 225, ಹಿಂದಿನದು 135. ಎರಡು ಪಕ್ಕದ ದೀಪ ಕೂಡಿದರೆ ಕಂಬದೀಪ, ಅದಕ್ಕೆ ಹಿಂದಿನದು ಕೂಡಿದರೆ 360. ಹಿಂದಿನ ಬಿಳಿ ದೀಪ ಮಾತ್ರ ಕಾಣುತ್ತಿದ್ದರೆ ನೀವು ಹಿಂದಿನಿಂದ ದಾಟುತ್ತಿರುವವರು, ದಾರಿ ಬಿಡಬೇಕಾದವರು ನೀವೇ. ಮಂಜಿನಲ್ಲಿ ಒಬ್ಬರಿಗೊಬ್ಬರು ಕಾಣದಿರುವಾಗ 'ದಾರಿ ನನ್ನದು' ಎನ್ನುವ ಬೋಟೇ ಇಲ್ಲ ಎಂಬುದು ಇನ್ನೊಂದು ಮಾಮೂಲಿ ಬಲೆ.

ಉಳಿದ ಪತ್ರಿಕೆಗಳಿಗೆ 70 ಶೇಕಡಾ ಸಾಕು. ಡೆಕ್ ಮತ್ತು ಸುರಕ್ಷತೆಯ ಪ್ರಶ್ನೆಗಳು ಅಭ್ಯಾಸ ಪ್ರಶ್ನೆ ಬಿಡಿಸುತ್ತ ಹೋದರೆ ತಾವಾಗಿ ಕೈವಶವಾಗುತ್ತವೆ. ಚಾರ್ಟಿನ ಪತ್ರಿಕೆಗೆ ಮಾತ್ರ ಕೈ ಕೂರಬೇಕು. ಪ್ಯಾರಲಲ್ ರೂಲರ್, ಡಿವೈಡರ್, ಚೂಪು ಪೆನ್ಸಿಲ್ ಹಿಡಿದು 12221ಟಿಆರ್, ಅಂದರೆ ಚೆಸಪೀಕ್ ಕೊಲ್ಲಿಯ ಬಾಯಿಯಂಥ ತರಬೇತಿ ಚಾರ್ಟಿನ ಮೇಲೆ ದಿನವೂ ಅಭ್ಯಾಸ ಮಾಡಿ. ದೂರ ಅಳೆಯುವುದು ಚಾರ್ಟಿನ ಪಕ್ಕದ ಅಕ್ಷಾಂಶದ ಪಟ್ಟಿಯಲ್ಲಿ. ಅಲ್ಲಿನ ಒಂದು ಮಿನಿಟು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, ಒಂದು ನಾಟಿಕಲ್ ಮೈಲಿ. ಮೇಲಿನ ರೇಖಾಂಶದ ಪಟ್ಟಿಯಲ್ಲಿ ಅಳೆದರೆ ಉತ್ತರ ತಪ್ಪುತ್ತದೆ. ವೇಗ (ನಾಟ್, ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಹೊತ್ತು, ದೂರಕ್ಕೆ ಒಂದೇ ಸೂತ್ರ: ನಾಟ್‌ಗಳನ್ನು ಮಿನಿಟುಗಳಿಂದ ಗುಣಿಸಿ 60ರಿಂದ ಭಾಗಿಸಿ. 12 ನಾಟ್, 25 ಮಿನಿಟು, 5 ಮೈಲಿ.

ದಿಕ್ಕಿನ ಪರಿವರ್ತನೆಯಲ್ಲಿ ಚಿಹ್ನೆ ಅದಲುಬದಲಾಗುವುದೇ ದೊಡ್ಡ ಸಮಸ್ಯೆ. ಟ್ರೂ ದಿಕ್ಕಿನಿಂದ (ಚಾರ್ಟಿನ ನಿಜ ಉತ್ತರದಿಂದ ಅಳೆದದ್ದು) ಕಂಪಾಸಿನ ಕಡೆ ಹೋಗುವಾಗ ಪಶ್ಚಿಮವನ್ನು ಕೂಡಿಸಿ, ಪೂರ್ವವನ್ನು ಕಳೆಯಿರಿ. ಟ್ರೂ 090, ವೇರಿಯೇಶನ್ (ನಿಜ ಉತ್ತರಕ್ಕೂ ಅಯಸ್ಕಾಂತದ ಉತ್ತರಕ್ಕೂ ಇರುವ ಅಂತರ) 15 ಪಶ್ಚಿಮ ಆದರೆ ಮ್ಯಾಗ್ನೆಟಿಕ್ 105. ಡೀವಿಯೇಶನ್ (ಬೋಟಿನದೇ ಲೋಹದಿಂದ ಕಂಪಾಸಿಗೆ ಬರುವ ವ್ಯತ್ಯಾಸ) 3 ಪೂರ್ವ ಕಳೆದರೆ ಕಂಪಾಸ್ 102. ಚಿಹ್ನೆ ತಿರುಗಿಸಿದವರಿಗೆ ಬರುವುದು 078. ಆ 24 ಡಿಗ್ರಿ ತಪ್ಪಿನಿಂದ 10 ಮೈಲಿ ಸಾಗುವಷ್ಟರಲ್ಲಿ ಬೋಟು 4 ಮೈಲಿ ಪಕ್ಕಕ್ಕೆ ಹೋಗಿರುತ್ತದೆ. ಬಹು ಆಯ್ಕೆಯ ಉತ್ತರಗಳಲ್ಲಿ ಇಂಥ ತಪ್ಪು ಅಂಕಿಯನ್ನೂ ಸೇರಿಸಿರುತ್ತಾರೆ, ನಿಮ್ಮ ಉತ್ತರ ಅಲ್ಲಿ ಕಂಡಿತೆಂದು ಸರಿ ಎಂದುಕೊಳ್ಳಬೇಡಿ.

ಅರ್ಜಿ, ಆಮೇಲೆ

ಸಿಜಿ-719ಬಿ ಅರ್ಜಿ, ಪ್ರತಿಜ್ಞೆ, ಮೇಲಿನ ಎಲ್ಲ ಕಾಗದ, ಶುಲ್ಕದ ರಸೀದಿ, ಇವನ್ನು ಪ್ರಾದೇಶಿಕ ಕೇಂದ್ರಕ್ಕೆ ಪಿಡಿಎಫ್ ಮಾಡಿ ಇಮೇಲ್‌ನಲ್ಲಿ ಕಳಿಸಬಹುದು. ಪರಿಶೀಲನೆಗೆ 100 ಡಾಲರ್, ಲೈಸೆನ್ಸ್ ವಿತರಣೆಗೆ 45. ಕೇಂದ್ರದಲ್ಲೇ ಪರೀಕ್ಷೆ ಬರೆಯುವವರಿಗೆ ಇನ್ನೂ 95. ಮೌಲ್ಯಮಾಪನ ನಡೆಯುವುದು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನ ನ್ಯಾಷನಲ್ ಮ್ಯಾರಿಟೈಮ್ ಸೆಂಟರ್‌ನಲ್ಲಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊಗಳನ್ನು ಕಳಿಸಬೇಡಿ, ಸ್ಕ್ಯಾನ್ ಮಾಡಿ. ಏನಾದರೂ ಕೊರತೆ ಇದ್ದರೆ ಪತ್ರ ಬರುತ್ತದೆ, ಕೇಳಿದ್ದನ್ನಷ್ಟೇ ತಡಮಾಡದೆ ಕಳಿಸಿ.

ಲೈಸೆನ್ಸಿನ ಅವಧಿ 5 ವರ್ಷ. ನವೀಕರಣಕ್ಕೆ ಆ ಅವಧಿಯಲ್ಲಿ 360 ದಿನದ ಸೇವೆ ತೋರಿಸಬೇಕು, ಇಲ್ಲವೇ ಪುಸ್ತಕ ನೋಡಿ ಬಿಡಿಸುವ ಪ್ರಶ್ನಾವಳಿಯನ್ನೋ ಮಾನ್ಯ ಪುನಶ್ಚೇತನ ಕೋರ್ಸನ್ನೋ ಮುಗಿಸಬೇಕು. ಹಾಗಾಗಿ ದಿನ ಬರೆದಿಡುವ ಅಭ್ಯಾಸ ಬಿಡಬೇಡಿ. ಅವಧಿ ಮುಗಿದ ಮೇಲೂ ಒಂದು ವರ್ಷ ನವೀಕರಿಸಲು ಅವಕಾಶವುಂಟು, ಆದರೆ ಆ ವರ್ಷ ಲೈಸೆನ್ಸಿನ ಮೇಲೆ ದುಡಿಯುವಂತಿಲ್ಲ.

ಲೈಸೆನ್ಸ್ ಕೈಗೆ ಬಂದ ದಿನವೇ ಬಾಡಿಗೆಗೆ ಹೊರಡಲಾಗದು. ಹಠಾತ್ ಡ್ರಗ್ ಟೆಸ್ಟ್ ನಡೆಸುವ ಒಕ್ಕೂಟಕ್ಕೆ ಮೊದಲು ಸೇರಬೇಕು, ಒಬ್ಬರೇ ಮಾಲೀಕ, ಒಬ್ಬರೇ ಕ್ಯಾಪ್ಟನ್ ಆಗಿದ್ದರೂ ಅಷ್ಟೇ. ಬೋಟಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಅಳತೆಯ ಟೈಪ್ 1 ಲೈಫ್ ಜಾಕೆಟ್ ಇರಬೇಕು. ಮನೆಮಂದಿಯ ವಿಹಾರಕ್ಕೆ ನಡೆಯುವ ತೆಳು ಜಾಕೆಟ್ ಇಲ್ಲಿ ಸಲ್ಲದು. 26 ಅಡಿ ಮತ್ತು ಮೇಲ್ಪಟ್ಟ ಬೋಟಿಗೆ ಎಸೆಯುವ ರಿಂಗ್ ಬಾಯ್ (ತೇಲುವ ಬಳೆ) ಕೂಡ ಬೇಕು. ಬೋಟು 5 ನೆಟ್ ಟನ್ ಅಥವಾ ಹೆಚ್ಚಿನದಾದರೆ ಅದರ ದಾಖಲಾತಿಯಲ್ಲಿ 'ಕೋಸ್ಟ್‌ವೈಸ್' ಮುದ್ರೆ (ಅಮೆರಿಕದ ಕರಾವಳಿಯಲ್ಲಿ ಬಾಡಿಗೆಗೆ ಓಡಿಸುವ ಅನುಮತಿ) ಇದೆಯೇ ನೋಡಿ. ಹೊರದೇಶದಲ್ಲಿ ಕಟ್ಟಿದ ಬೋಟಾದರೆ ಫೆಡರಲ್ ಸಾಗರಯಾನ ಇಲಾಖೆಯ ವಿನಾಯಿತಿ ಇಲ್ಲದೆ ಆ ಮುದ್ರೆ ಸಿಗದು, ಬೋಟು ಕೊಳ್ಳುವ ಮುಂಚೆಯೇ ಇದನ್ನು ವಿಚಾರಿಸಿ. ಗಂಭೀರ ಅಪಘಾತವಾದರೆ 2 ಗಂಟೆಯೊಳಗೆ ಮದ್ಯದ ಪರೀಕ್ಷೆ, 32 ಗಂಟೆಯೊಳಗೆ ಡ್ರಗ್ ಪರೀಕ್ಷೆಯ ಮಾದರಿ ಕೊಡಬೇಕು. ದಡ ದೂರವಿದ್ದಾಗ ಎರಡು ಗಂಟೆ ಸಾಲುವುದಿಲ್ಲವಾದ್ದರಿಂದ ಮದ್ಯ ಪರೀಕ್ಷೆಯ ಕಿಟ್ಟನ್ನು ಬೋಟಿನಲ್ಲೇ ಇಟ್ಟುಕೊಳ್ಳಿ. ಪ್ರತಿ ಸಲ ಹಗ್ಗ ಬಿಚ್ಚುವ ಮೊದಲು, ಜಾಕೆಟ್ ಎಲ್ಲಿವೆ, ಹೇಗೆ ಹಾಕಿಕೊಳ್ಳಬೇಕು, ತುರ್ತಿನಲ್ಲಿ ಏನು ಮಾಡಬೇಕು ಎಂದು ಪ್ರಯಾಣಿಕರಿಗೆ ತಿಳಿಸಿ. ನಿಮ್ಮ ಲೈಸೆನ್ಸಿನ ಮೂಲಪ್ರತಿ ನೀರು ತಾಗದ ಚೀಲದಲ್ಲಿ ಬೋಟಿನಲ್ಲೇ ಇರಲಿ.